ಲಾಕ್‌ಡೌನ್ ಬೇಸಿಗೆ ರಜೆ: 6 ಮತ್ತು 11 ವರ್ಷದ ಮಕ್ಕಳಿಗೆ ಮನೆಯಲ್ಲೇ ಏನು ಕೆಲಸ ಹಚ್ಚೋದು?

ಕುವೆಂಪುನಗರ ನಿವಾಸಿ (ಮೇ 2021)

ಎಲ್ಲರಿಗೂ ನಮಸ್ಕಾರ. ಮಗಳಿಗೆ 11, ಮಗನಿಗೆ 6. ಮೊದಲ ಮಹಡಿಯ ಬಾಡಿಗೆ ಮನೆ, ತಾರಸಿ ಬಳಸೋಕೆ ಓನರ್ ಒಪ್ಪಿದ್ದಾರೆ. ಅಜ್ಜಿ ಜೊತೆಗಿದ್ದಾರೆ, ಆದರೆ ಮಂಡಿನೋವು, ನೆಲದ ಮೇಲೆ ಕೂರೋಕಾಗಲ್ಲ. ನಾವಿಬ್ಬರೂ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಲ್ಯಾಪ್‌ಟಾಪ್ ಮುಂದೆ.

ಝೂ ಇಲ್ಲ, ಕಾರಂಜಿಕೆರೆ ಇಲ್ಲ, ರಂಗಾಯಣದ ಚಿಣ್ಣರ ಮೇಳದ ಥರದ ಶಿಬಿರ ಇಲ್ಲ. ಅಂಗಡಿ ಬೆಳಗ್ಗೆ 6ರಿಂದ 10, ಅದೂ ದಿನಸಿ, ತರಕಾರಿ, ಹಾಲು. ಸ್ಟೇಷನರಿ ಅಂಗಡಿ ಬಾಗಿಲು ಹಾಕಿದೆ, ಹಾಗಾಗಿ "ಅಕ್ರಿಲಿಕ್ ಬಣ್ಣ ತನ್ನಿ, ಕ್ಯಾನ್ವಾಸ್ ತನ್ನಿ" ಅನ್ನೋ ಸಲಹೆ ಬೇಡ. ನೆಟ್ಟಲ್ಲಿ ಸಿಗೋ ನೂರೊಂದು ಚಟುವಟಿಕೆ ಪಟ್ಟಿಯೂ ಬೇಡ. ಅವೆಲ್ಲ ಇಪ್ಪತ್ತು ನಿಮಿಷಕ್ಕೆ ಮುಗಿದು "ಅಮ್ಮಾ, ಈಗೇನು ಮಾಡ್ಲಿ" ಅಂತ ಮಕ್ಕಳು ಮತ್ತೆ ಎದುರಿಗೆ ನಿಲ್ಲೋ ಬಾಬತ್ತು.

ಒಮ್ಮೆ ಶುರು ಮಾಡಿಕೊಟ್ಟರೆ ಎರಡು ಮೂರು ದಿನವಾದರೂ ಎಳೆಯೋ ಕೆಲಸ ಬೇಕು. ಮೊಬೈಲ್ ಇಲ್ಲದೆ, ಮನೇಲಿರೋ ಸಾಮಾನಲ್ಲಿ. ಅಳತೆ, ಲೆಕ್ಕ ಸಮೇತ ಹೇಳಿದರೆ ಉಪಕಾರ. ಇನ್ನೊಂದು, ಸಣ್ಣವನು ಸೋತರೆ ರಂಪ ಮಾಡ್ತಾನೆ.

---

ಪಗಡೆಪ್ರಿಯ, ಸರಸ್ವತಿಪುರಂ

ಮೇಡಂ, ಅಜ್ಜಿ ಇದ್ದಾರೆ ಅಂದಮೇಲೆ ಮೊದಲು ಚೌಕಾಬಾರ. ಆಡೋದಕ್ಕಿಂತ ಅದನ್ನ ತಯಾರು ಮಾಡೋದರಲ್ಲೇ ಮಕ್ಕಳಿಗೆ ಒಂದು ದಿನ ಹಿಡಿಯುತ್ತೆ.

ಕೊರಿಯರ್ ಡಬ್ಬದ ರಟ್ಟು ಬಿಚ್ಚಿ 40 ಸೆಂ.ಮೀ. ಚೌಕ ಕತ್ತರಿಸಿ. 8 ಸೆಂ.ಮೀ.ಗೆ ಒಂದು ಗೆರೆ ಎಳೆದರೆ 5×5, ಒಟ್ಟು 25 ಮನೆ. ಅಳತೆ ಹಿಡಿದು ಗೆರೆ ಎಳೆಯೋದು ಮಗಳ ಕೆಲಸ. ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೆರೆ ಹಾಕಿ ಕಟ್ಟೆ ಮಾಡಿ, ಅಲ್ಲಿ ಯಾರೂ ಯಾರನ್ನೂ ಹೊಡೆಯೋ ಹಾಗಿಲ್ಲ. ಮಣೆ ಊಟದ ಮೇಜಿನ ಮೇಲಿರಲಿ, ಅಜ್ಜಿ ಕುರ್ಚಿಯಲ್ಲೇ ಕೂತು ಆಡಬಹುದು.

ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ. ಒರಟು ಸಿಮೆಂಟ್ ನೆಲದ ಮೇಲೆ ಒಂದೇ ಮಗ್ಗುಲು ತೇಯಬೇಕು, ಬಿಳಿ ಕಾಣೋವರೆಗೆ. ಹುರಿದ ಬೀಜ ತಗೋಬೇಡಿ, ಸಿಪ್ಪೆ ಬಿಟ್ಟು ಎರಡು ಹೋಳಾಗುತ್ತೆ. ನೆನೆಸಿದ್ದೂ ಬೇಡ, ತೇಯುವಾಗ ಜಾರುತ್ತೆ. ಬೀಜ ಅಗಲವಾಗಿ, ಚಪ್ಪಟೆಯಾಗಿ, ನಾಲ್ಕೂ ಒಂದೇ ಗಾತ್ರದ್ದಾಗಿರಲಿ. ಆರು ವರ್ಷದವನಿಗೆ ಇದು ಹೇಳಿ ಮಾಡಿಸಿದ ಕೆಲಸ, ಬೆರಳು ನೋವು ಅಂದಾಗ ಬಿಡಲಿ, ಆಮೇಲೆ ತಾನೇ ಮತ್ತೆ ಹಿಡೀತಾನೆ.

ಕಾಯಿ ಒಬ್ಬೊಬ್ಬರಿಗೆ ನಾಲ್ಕು. ಬಳೆ ಚೂರು ಬೇಡ, ಕುಯ್ಯುತ್ತೆ. ಕಡಲೆಕಾಳು, ಅವರೆಕಾಳು, ಗುಂಡಿ, ಬಾಟಲಿ ಮುಚ್ಚಳ ಏನಾದರೂ ಆದೀತು. ಬೀಜ ಎಸೆದಾಗ ಎಷ್ಟು ಬಿಳಿ ಮೇಲೆ ಬೀಳುತ್ತೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರ, ಅಂದರೆ 8. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಆಟ. ತನ್ನ ಬದಿಯ ಕಟ್ಟೆಯಿಂದ ಹೊರಟು ಹೊರಸುತ್ತಿನ 16 ಮನೆಯನ್ನ ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತಿನ 8 ಮನೆಯನ್ನ ಪ್ರದಕ್ಷಿಣವಾಗಿ ಸುತ್ತಿ, ನಡುವಿನ ಮನೆ ಸೇರಿದರೆ ಕಾಯಿ ಹಣ್ಣು. ಹೊರಟಲ್ಲಿಂದ ಹಣ್ಣಾಗೋಕೆ 24 ಹೆಜ್ಜೆ. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಇದು ನಮ್ಮ ಕಡೆ ಹೆಚ್ಚಿನವರು ಆಡೋ ಕ್ರಮ. ಮನೆ ಮನೆಗೆ ಸ್ವಲ್ಪ ಬದಲಾಗುತ್ತೆ, ಅಜ್ಜಿ ಹೇಳಿದ್ದೇ ಕಾನೂನು ಅಂತ ಶುರುವಿನಲ್ಲೇ ಒಪ್ಪಿಸಿಬಿಡಿ.

ಜಗಳ ಹುಟ್ಟೋದೇ ಆ "ಹೊಡೆಯದೆ ಪ್ರವೇಶವಿಲ್ಲ" ಅನ್ನೋ ಕಡೆ. ಸಣ್ಣವನಿಗೆ ಮೊದಲ ವಾರ ಆ ನಿಯಮ ಬಿಟ್ಟು, ನಾಲ್ಕರ ಬದಲು ಎರಡೇ ಕಾಯಿ ಕೊಡಿ. ಆಟ ಅರ್ಧ ಗಂಟೇಲಿ ಮುಗಿಯುತ್ತೆ. ನಾಲ್ಕು ಕಾಯಿ, ನಾಲ್ಕು ಜನ ಅಂದರೆ ಒಂದು ಗಂಟೆ ದಾಟುತ್ತೆ, ಆರರ ಹುಡುಗನಿಗೆ ಅಷ್ಟು ತಾಳ್ಮೆ ಇರಲ್ಲ.

ಮಗಳಿಗೆ ಇನ್ನೊಂದು ಕೆಲಸ. ನಾಲ್ಕು ಬೀಜ ಬೀಳೋಕೆ 16 ರೀತಿ. ಅದರಲ್ಲಿ ಒಂದು ಬಿಳಿ 4 ರೀತಿ, ಎರಡು ಬಿಳಿ 6, ಮೂರು ಬಿಳಿ 4, ಚೌಕ 1, ಬಾರ 1. ಆದ್ದರಿಂದ 160 ಸಲ ಎಸೆದರೆ ಸುಮಾರು 40, 60, 40, 10, 10 ಬರಬೇಕು. ನಿಜವಾಗಿ ಎಸೆದು ಗೆರೆ ಹಾಕಿ ಎಣಿಸಲಿ. ತೇದ ಬೀಜ ಎರಡೂ ಮಗ್ಗುಲಿಗೆ ಸಮನಾಗಿ ಬೀಳಲ್ಲ, ಲೆಕ್ಕ ಒಂದು ಕಡೆ ವಾಲುತ್ತೆ. ಯಾವ ಬೀಜದ ತಪ್ಪು ಅಂತ ಒಂದೊಂದನ್ನೇ ಬೇರೆಯಾಗಿ 50 ಸಲ ಎಸೆದು ಹಿಡಿಯಬಹುದು. ಶಾಲೆಯ ಗಣಿತ ಪುಸ್ತಕಕ್ಕಿಂತ ಇದು ಚೆನ್ನಾಗಿ ತಲೆಗೆ ಹತ್ತುತ್ತೆ.

ಇದು ಹಳತಾದಾಗ ಹುಲಿ-ಕುರಿ ಕಲಿಸಿ. 3 ಹುಲಿ, 15 ಕುರಿ, ಇಬ್ಬರೇ ಸಾಕು, ಗರದ ಹಂಗಿಲ್ಲ. ಅಂದಹಾಗೆ ಮಣೆಯಾಟದ ಹುಚ್ಚು ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಚದುರಂಗದ ಕುದುರೆಯನ್ನ ಒಂದು ಮನೆಗೂ ಎರಡು ಸಲ ಕಾಲಿಡದೆ 64 ಮನೆ ಸುತ್ತಿಸೋ ಬಂಧಗಳನ್ನೇ ರಚಿಸಿದವರು. ಮಗಳಿಗೆ ಚದುರಂಗ ಬರೋದಾದರೆ ಮೊದಲು 5×5 ಮನೆಯಲ್ಲಿ ಕುದುರೆ ಸುತ್ತಿಸೋಕೆ ಹೇಳಿ. ಮೂಲೆಯಿಂದ ಹೊರಟರೆ ಆಗುತ್ತೆ. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ಎಷ್ಟು ತಿಣುಕಿದರೂ ಆಗಲ್ಲ. ಯಾಕೆ ಅಂತ ಅವಳೇ ಹುಡುಕಲಿ. ಸುಳಿವು ಬೇಕಂದರೆ, ಕಪ್ಪು ಮನೆ ಎಷ್ಟು, ಬಿಳಿ ಮನೆ ಎಷ್ಟು ಅಂತ ಎಣಿಸೋಕೆ ಹೇಳಿ.

---

ಅಗ್ರಹಾರದ ಅಡುಗೆಮನೆ

ತಾರಸಿ ಇದೆ, ಬಿಸಿಲಿದೆ, ಸಂಡಿಗೆ ಹಾಕಿಸಿ. ಮೂರು ದಿನ ಹಿಡಿಯೋ ಕೆಲಸ ಕೇಳಿದ್ದೀರಿ, ಇದು ಸರಿಯಾಗಿ ಮೂರು ದಿನ. ಅಕ್ಕಿ ಸಂಡಿಗೆಗೆ ಹಿಟ್ಟು ತೊಳಸೋದು, ಒರಳಲ್ಲಿ ಒತ್ತೋದು ಮಕ್ಕಳ ಕೈಗೆ ಭಾರ. ಸಬ್ಬಕ್ಕಿಯದು ಸುಲಭ.

ಒಂದು ಲೋಟ ಸಬ್ಬಕ್ಕಿ ತೊಳೆದು ಎರಡು ಲೋಟ ನೀರಲ್ಲಿ ರಾತ್ರಿಯೇ ನೆನೆಹಾಕಿ. ಬೆಳಗ್ಗೆ 6ಕ್ಕೆ ಇನ್ನೂ ಮೂರು ಲೋಟ ನೀರು ಕುದಿಸಿ, ನೆನೆದ ಸಬ್ಬಕ್ಕಿ ನೀರಿನ ಸಮೇತ ಹಾಕಿ, ಸಣ್ಣ ಉರಿಯಲ್ಲಿ ತಳ ಹಿಡಿಯದ ಹಾಗೆ ಕೈಯಾಡಿಸ್ತಾ 15–20 ನಿಮಿಷ ಬೇಯಿಸಿ. ಕಾಳಿನ ನಡುವೆ ಬಿಳಿ ಚುಕ್ಕೆ ಕಾಣಬಾರದು. ಚುಕ್ಕೆ ಉಳಿದರೆ ಒಣಗಿದ ಮೇಲೆ ಸಂಡಿಗೆ ಪುಡಿಯಾಗುತ್ತೆ, ಕರಿದಾಗ ಒಳಗೆ ಕಲ್ಲು. ನಾಲ್ಕು ಹಸಿಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಚಿಟಿಕೆ ಇಂಗು ರುಬ್ಬಿ ಸೇರಿಸಿ. ಉಪ್ಪು ನಾಲಿಗೆಗೆ ಸಪ್ಪೆ ಅನ್ನಿಸಬೇಕು, ಮುಕ್ಕಾಲು ಚಮಚ ಸಾಕು, ಯಾಕಂದರೆ ನೀರು ಹೋಗುತ್ತೆ, ಉಪ್ಪು ಉಳಿಯುತ್ತೆ. ಒಲೆ ಆರಿಸಿದ ಮೇಲೆ ಅರ್ಧ ಹೋಳು ನಿಂಬೆರಸ.

ಇಲ್ಲಿವರೆಗೆ ದೊಡ್ಡವರ ಕೆಲಸ. ಬಿಸಿ ಸಬ್ಬಕ್ಕಿ ಗಂಜಿ ಕೈಗೆ ಬಿದ್ದರೆ ನೀರಿನ ಥರ ಜಾರಿ ಹೋಗಲ್ಲ, ಅಂಟಿಕೊಂಡು ಸುಡುತ್ತೆ. ತಪ್ಪಲೆ ಪಕ್ಕಕ್ಕಿಟ್ಟು ಮುಕ್ಕಾಲು ಗಂಟೆ ಕಳೆದು, ಮುಟ್ಟಿದರೆ ಉಗುರುಬೆಚ್ಚಗಿದೆ ಅನ್ನಿಸಿದ ಮೇಲೆ ಮಕ್ಕಳ ಕೈಗೆ ಚಮಚ ಕೊಡಿ.

ತಾರಸಿ ಗುಡಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಡಿ. ತೆಳು ಕವರ್ ಆದರೆ ಗಾಳಿಗೆ ಮಡಚಿಕೊಂಡು ಎಲ್ಲ ಒಂದೇ ಮುದ್ದೆ. ಒಂದೊಂದು ಚಮಚ ಬಿಟ್ಟು ಚಮಚದ ಹಿಂಬದಿಯಿಂದ ಸ್ವಲ್ಪ ಹರಡಬೇಕು, ನಡುವೆ ಎರಡು ಬೆರಳು ಜಾಗ. 8 ಗಂಟೆಯೊಳಗೆ ಮುಗಿಸಿ, ಆಮೇಲೆ ತಾರಸಿ ಕಾಲು ಸುಡುತ್ತೆ. ಈ ಅಳತೆಗೆ 60–70 ಸಂಡಿಗೆ ಆಗಬಹುದು. ದೊಡ್ಡವಳು ಸಾಲು ಹಾಕಲಿ, ಚಿಕ್ಕವನು ಎಣಿಸಿ ಬರೆದಿಡಲಿ.

ಮೇಲೆ ಹಳೆಯ ತೆಳು ಸೀರೆಯನ್ನ ಎರಡು ಕುರ್ಚಿ ನಡುವೆ ಎತ್ತರಕ್ಕೆ ಕಟ್ಟಿ, ಕಾಗೆ ಬರಲ್ಲ. ಹಸಿ ಸಂಡಿಗೆಗೆ ಸೀರೆ ತಗುಲಿದರೆ ಅಂಟುತ್ತೆ, ಆದ್ದರಿಂದ ಬಿಗಿಯಾಗಿ ಎಳೆದು ಕಟ್ಟಿ. ಮೇ ತಿಂಗಳ ಸಂಜೆ ಮಳೆ ಗೊತ್ತೇ ಇದೆ. ಮೂರೂವರೆಗೆ ಹಾಳೆ ಸಮೇತ ಒಳಗೆ ತಂದು ಫ್ಯಾನ್ ಕೆಳಗೆ ಹಾಕಿ. ಹಸಿ ಸಂಡಿಗೆ ಮೇಲೆ ನಾಲ್ಕು ಹನಿ ಬಿದ್ದರೂ ಮಾರನೇ ದಿನಕ್ಕೆ ಹುಳಿ ವಾಸನೆ ಬರುತ್ತೆ.

ಎರಡನೇ ದಿನ ಅಂಚು ತಾನೇ ಎದ್ದಿರುತ್ತೆ. ಹಾಳೆಯನ್ನ ಕೆಳಗಿಂದ ಮಡಿಸಿ ಬಿಡಿಸಬೇಕು, ಉಗುರಲ್ಲಿ ಕೀಳಬಾರದು. ತಿರುವಿ ಹಾಕಿ. ಮೂರನೇ ದಿನ ಬಿಡಿಬಿಡಿಯಾಗಿ ಮೊರದಲ್ಲಿ. ಮುರಿದರೆ ಪಟ್ಟಂತ ಶಬ್ದ ಬರಬೇಕು, ಬಾಗಿದರೆ ಇನ್ನೊಂದು ದಿನ ಬಿಸಿಲು. ಡಬ್ಬಕ್ಕೆ ತುಂಬೋ ಮುಂಚೆ ಒಂದು ಕರಿದು ನೋಡಿ.

ಅಡುಗೆಮನೆ ತಕ್ಕಡಿ ಇದ್ದರೆ ಮೊದಲ ದಿನ ಹತ್ತು ಹಸಿ ಸಂಡಿಗೆಯಷ್ಟು ಗಂಜಿ ತೂಗಿಸಿ, ಮೂರನೇ ದಿನ ಒಣಗಿದ ಹತ್ತನ್ನ ತೂಗಿಸಿ. ಎಷ್ಟು ಪಾಲು ನೀರು ಹೋಯಿತು ಅನ್ನೋ ಶೇಕಡಾ ಲೆಕ್ಕ ಮಗಳ ಪಾಲಿಗೆ.

---

ಕುವೆಂಪುನಗರ ನಿವಾಸಿ

ತುಂಬಾ ಥ್ಯಾಂಕ್ಸ್. ಸಬ್ಬಕ್ಕಿ ನಾಳೆ ಬೆಳಗ್ಗೆಯೇ ತರ್ತೀವಿ. ನೈಲಾನ್ ಸಬ್ಬಕ್ಕಿ ಆಗುತ್ತಾ? ಮತ್ತೆ ಮಧ್ಯಾಹ್ನ 11ರಿಂದ 3, ತಾರಸಿಗೂ ಹೋಗೋಕಾಗದ ಹೊತ್ತು, ಅದೇ ದೊಡ್ಡ ತಲೆನೋವು.

ಅಗ್ರಹಾರದ ಅಡುಗೆಮನೆ

ನೈಲಾನ್ ಬೇಡ, ಮಾಮೂಲಿ ಬಿಳಿ ಸಬ್ಬಕ್ಕಿ ತನ್ನಿ. ಈ ಅಳತೆ ಅದಕ್ಕೇ ಕೂರೋದು.

---

ಮಂಡ್ಯ ವಿಜ್ಞಾನ ಮೇಷ್ಟ್ರು

ಮಧ್ಯಾಹ್ನದ ಬಿಸಿಲನ್ನೇ ಕೆಲಸಕ್ಕೆ ಹಚ್ಚಿ. ಬಾಲ್ಕನಿ ಅಥವಾ ಬಿಸಿಲು ಬೀಳೋ ಮೆಟ್ಟಿಲ ಪಕ್ಕ ಎರಡಡಿ ಜಾಗ ಇದ್ದರೂ ಸಾಕು, ಮಕ್ಕಳು ನೆರಳಲ್ಲಿ ಕೂತು ಕಾಲು ಗಂಟೆಗೊಮ್ಮೆ ಹೋಗಿ ಗುರುತು ಹಾಕಿ ಬರೋದು.

30 ಸೆಂ.ಮೀ. ಉದ್ದದ ನೇರ ಕಡ್ಡಿಯನ್ನ ಮಣ್ಣು ತುಂಬಿದ ಡಬ್ಬದಲ್ಲಿ ನೆಡಿ. ಮಣ್ಣಿನಿಂದ ಮೇಲೆ ಅಲ್ಲ, ನೆಲದಿಂದ ತುದಿಗೆ 30 ಇರಬೇಕು. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಎರಡು ಕಡೆಯಿಂದ ನೋಡಿ, ಕಡ್ಡಿ ದಾರಕ್ಕೆ ಸಮವಾಗಿರಬೇಕು. ಕಡ್ಡಿ ಓರೆಯಾದರೆ ಮುಂದಿನದೆಲ್ಲ ತಪ್ಪು. ತಾರಸಿ ನೆಲ ನೀರು ಹರಿಯೋಕೆ ಇಳಿಜಾರಾಗಿರುತ್ತೆ, ಅಲ್ಲಿ ಮಾಡೋದಾದರೆ ಕೆಳಗೆ ಹಲಗೆ ಇಟ್ಟು ಮಟ್ಟ ಮಾಡ್ಕೊಳ್ಳಿ. ಪಕ್ಕದಲ್ಲಿ ಹಳೆ ಕ್ಯಾಲೆಂಡರ್ ಹಾಳೆ ಬೆನ್ನು ಮೇಲೆ ಮಾಡಿ ಹಾಸಿ.

11.30ರಿಂದ 1.15ರವರೆಗೆ 15 ನಿಮಿಷಕ್ಕೊಂದು ಚುಕ್ಕೆ, ನೆರಳಿನ ತುದಿಗೆ, ಪಕ್ಕದಲ್ಲಿ ಹೊತ್ತು. 12 ಗಂಟೆಗೆ ನೆರಳು ಅತಿ ಚಿಕ್ಕದು ಅಂತ ಎಲ್ಲರೂ ಅಂದುಕೊಂಡಿರ್ತಾರೆ. ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಇರೋದು 76.65ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 23 ನಿಮಿಷ ತಡ, ಮೇ ತಿಂಗಳಲ್ಲಿ ಸೂರ್ಯ ಗಡಿಯಾರಕ್ಕಿಂತ ಮೂರೂವರೆ ನಿಮಿಷದಷ್ಟು ಮುಂದೆ. ಹಾಗಾಗಿ ನಿಜವಾದ ನಡುಹಗಲು 12.20ರ ಆಸುಪಾಸು. 12.10ರಿಂದ 12.30ರವರೆಗೆ ಐದೈದು ನಿಮಿಷಕ್ಕೆ ಚುಕ್ಕೆ ಹಾಕಿದರೆ ಅದು ಕಣ್ಣಿಗೇ ಕಾಣುತ್ತೆ.

ಆ ಹೊತ್ತಿನ ನೆರಳು ಯಾವ ಕಡೆ ಬೀಳುತ್ತೆ ಅಂತ ಮೊದಲೇ ಪಂದ್ಯ ಕಟ್ಟಿಸಿ. ಉತ್ತರ ಅಂತಾರೆ. ಬೀಳೋದು ದಕ್ಷಿಣಕ್ಕೆ! ಮೈಸೂರು ಇರೋದು 12.3 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 22ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಹಾದು ಉತ್ತರಕ್ಕೆ ಸರಿದಾಯಿತು, ಆಗಸ್ಟ್ 20ರ ಸುಮಾರಿಗೆ ವಾಪಸ್ ನೆತ್ತಿಗೆ ಬರ್ತಾನೆ. ಅಲ್ಲಿವರೆಗೆ ನಡುಹಗಲ ನೆರಳು ದಕ್ಷಿಣಕ್ಕೇ. ಮೇ ಮಧ್ಯದಲ್ಲಿ 30 ಸೆಂ.ಮೀ. ಕಡ್ಡಿಗೆ ಸುಮಾರು ಮೂರೂವರೆ ಸೆಂ.ಮೀ. ನೆರಳು, ಜೂನ್ 21ಕ್ಕೆ ಆರರ ಹತ್ತಿರ. ನೆರಳು ಇಷ್ಟು ಚಿಕ್ಕದಾದ್ದರಿಂದ ಡಬ್ಬ ಕಿರಿದಾಗಿರಬೇಕು, ಇಲ್ಲದಿದ್ದರೆ ತುದಿ ಡಬ್ಬದ ಮೇಲೇ ಬಿದ್ದು ಕೆಟ್ಟುಹೋಗುತ್ತೆ. ಡಬ್ಬ ಬಿಟ್ಟು ದೊಡ್ಡ ಸೂಜಿಯನ್ನ ಸೋಪಿನ ತುಂಡಿಗೆ ಚುಚ್ಚಿದರೂ ನಡೆಯುತ್ತೆ, ಅಳತೆ ಮಾತ್ರ ಸಣ್ಣದಾಗುತ್ತೆ. ವಾರಕ್ಕೊಂದು ದಿನ ಅದೇ ಹಾಳೆಯಲ್ಲಿ ನಡುಹಗಲ ಗುರುತು ಹಾಕಿದರೆ ನೆರಳು ಬೆಳೆಯೋದು ಗೊತ್ತಾಗುತ್ತೆ.

ದಿಕ್ಕು ಕರಾರುವಾಕ್ಕಾಗಿ ಬೇಕಂದರೆ ಕಡ್ಡಿಯ ಬುಡವನ್ನ ಕೇಂದ್ರ ಮಾಡಿ 26 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬೆಳಗ್ಗೆ ಒಂಬತ್ತೂವರೆಗೆ ನೆರಳಿನ ತುದಿ ಆ ಗೆರೆ ದಾಟಿ ಒಳಗೆ ಬರುತ್ತೆ, ಮಧ್ಯಾಹ್ನ ಮೂರು ಹತ್ತಕ್ಕೆ ಹೊರಗೆ ಹೋಗುತ್ತೆ. ಎರಡು ಗುರುತು ಸೇರಿಸಿದರೆ ಪೂರ್ವ-ಪಶ್ಚಿಮ. ನಮ್ಮ ಹಳೆ ಶಿಲ್ಪಿಗಳ ಶಂಕು ವಿಧಾನ ಇದೇ. ಮೊಬೈಲ್ ಕಂಪಾಸ್ ಜೊತೆ ಹೋಲಿಸಿದರೆ ವ್ಯತ್ಯಾಸ ಬರಬಹುದು, ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳು ಮುಳ್ಳನ್ನ ಎಳೆಯುತ್ತೆ. ಅಂಥ ಸಂದರ್ಭದಲ್ಲಿ ನೆರಳನ್ನೇ ನಂಬಿ.

ಸೂರ್ಯನನ್ನ ನೇರ ನೋಡಬಾರದು, ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ಕೂಡದು. ಇದನ್ನ ಎರಡು ಸಲ ಹೇಳಿ.

---

ಗೊಂಬೆಮನೆ

ಸಂಜೆ ಮಳೆ ಬಂದು ಕರೆಂಟ್ ಹೋದಾಗ ತೊಗಲುಗೊಂಬೆ ಆಟ. ತೊಗಲಿನ ಬದಲು ಬಿಳಿ ಕಾಗದ. ಸ್ಕೆಚ್ ಪೆನ್ನಲ್ಲಿ ಬಣ್ಣ ತುಂಬಿ, ಪೂರ್ತಿ ಒಣಗಿದ ಮೇಲೆ ಹಿಂಬದಿಗೆ ಹತ್ತಿಯಿಂದ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ, ನ್ಯೂಸ್‌ಪೇಪರ್ ನಡುವೆ ಒಂದು ರಾತ್ರಿ ಒತ್ತಿಡಿ. ಕಾಗದ ಪಾರದರ್ಶಕವಾಗಿ ಪರದೆ ಮೇಲೆ ಬಣ್ಣ ಕಾಣುತ್ತೆ. ಎಣ್ಣೆ ಹಚ್ಚಿದ ಮೇಲೆ ಗೋಂದು ಹಿಡಿಯಲ್ಲ, ಆದ್ದರಿಂದ ಕಡ್ಡಿ ಅಂಟಿಸೋ ಜಾಗ ಬಿಟ್ಟು ಸವರಿ. ಬಣ್ಣ ಬೇಡ, ಬರೀ ಕಪ್ಪು ನೆರಳು ಸಾಕು ಅಂದರೆ ಹಳೆ ಲಗ್ನಪತ್ರಿಕೆ ರಟ್ಟು ಒಳ್ಳೇದು, ಬಾಗಲ್ಲ.

ತೋಳು ಮೊಣಕೈಗೆ ಕೀಲು ಬೇಕಲ್ಲ, ಎರಡು ತುಂಡು ಒಂದರ ಮೇಲೊಂದಿಟ್ಟು ದಪ್ಪ ಸೂಜಿಯಲ್ಲಿ ಚುಚ್ಚಿ, ದಾರ ತೂರಿಸಿ ಎರಡೂ ಬದಿ ಗಂಟು. ಗಂಟು ಬಿಗಿಯಾದರೆ ಕೈ ಆಡಲ್ಲ, ನಡುವೆ ಒಂದು ಕಾಗದದಷ್ಟು ಸಡಿಲ ಬಿಡಿ. ಹಿಡಿಯೋಕೆ ತೆಂಗಿನ ಪೊರಕೆ ಕಡ್ಡಿ, ಒಂದು ಮೈಗೆ, ಒಂದು ಕೈಗೆ. ಮೂರನೇ ಕಡ್ಡಿ ಹಾಕಬೇಡಿ, ಮಕ್ಕಳಿಗೆ ಸಂಭಾಳಿಸೋಕಾಗಲ್ಲ.

ಬಾಗಿಲಿಗೆ ಬಿಳಿ ಪಂಚೆ ಬಿಗಿದು ಕಟ್ಟಿ, ಒಂದೂವರೆ ಮೀಟರ್ ಹಿಂದೆ ಸ್ಟೂಲಿನ ಮೇಲೆ ಒಂದೇ ಬಲ್ಬಿನ ಟಾರ್ಚ್. ಹಲವು ಎಲ್‌ಇಡಿ ಇರೋ ಎಮರ್ಜೆನ್ಸಿ ಲೈಟ್ ಆದರೆ ಒಂದು ಗೊಂಬೆಗೆ ಹತ್ತು ನೆರಳು. ಗೊಂಬೆ ಪಂಚೆಗೆ ತಗುಲಿದ್ದರೆ ಅಂಚು ಚೂಪು. ಅರ್ಧ ಮೀಟರ್ ಹಿಂದೆ ಎಳೆದರೆ ಒಂದೂವರೆ ಪಟ್ಟು ದೊಡ್ಡದಾಗಿ ಅಂಚು ಮಸುಕಾಗುತ್ತೆ, ರಾಕ್ಷಸ ಬರೋ ದೃಶ್ಯಕ್ಕೆ ಅದೇ ಬೇಕು. ದೀಪ, ಮೇಣದಬತ್ತಿ ಇಡಲೇಬೇಡಿ, ಎಣ್ಣೆ ಕಾಗದ ಮತ್ತು ಹತ್ತಿ ಪಂಚೆ ಎರಡೂ ಒಂದೇ ಕ್ಷಣಕ್ಕೆ ಹತ್ತಿಕೊಳ್ತವೆ. ಕಥೆ ಅಜ್ಜಿ ಹೇಳಲಿ, ಮಗಳು ಮಾತು ಬರೆದುಕೊಳ್ಳಲಿ.

---

ಮಕ್ಕಳ ವಾರ್ಡ್ ಸಿಸ್ಟರ್

ಮೇಲಿನವೆಲ್ಲ ಚೆನ್ನಾಗಿದೆ. ಆಸ್ಪತ್ರೆಗೆ ಓಡೋ ಕಾಲ ಇದಲ್ಲ, ಅದಕ್ಕೆ ನಾಲ್ಕು ಮಾತು.

ಆಟ ಮುಗಿದ ತಕ್ಷಣ ಬೀಜ, ಕಾಳು ಎಣಿಸಿ ಡಬ್ಬಕ್ಕೆ. ಮೂಗಿಗೆ ತೂರಿಸಿಕೊಂಡರೆ ಹೇರ್‌ಪಿನ್ ಹಾಕಿ ತೆಗೆಯೋಕೆ ಹೋಗಬೇಡಿ, ಇನ್ನೂ ಒಳಕ್ಕೆ ಹೋಗುತ್ತೆ. ನೀರೂ ಬಿಡಬೇಡಿ, ಹುಣಸೆ ಬೀಜ, ಕಾಳು ನೆನೆದು ಊದಿಕೊಳ್ತವೆ. ಇನ್ನೊಂದು ಹೊಳ್ಳೆ ಮುಚ್ಚಿ ಸೀನುವ ಹಾಗೆ ಊದಿಸಿ, ಬರಲಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ. ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಅಥವಾ ಮೂಗಿಗೆ ಹಾಕಿಕೊಂಡರೆ ಒಂದು ನಿಮಿಷವೂ ಕಾಯದೆ ಹೊರಡಿ, ಅದು ಗಂಟೆ ಎರಡು ಗಂಟೆಯಲ್ಲೇ ಒಳಗೆ ಸುಡುತ್ತೆ.

ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಒಲೆ ಹತ್ತಿರ ಬೇಡ, ಅದು ಆಲ್ಕೋಹಾಲ್. ಮನೆಯೊಳಗೆ ಸೋಪು ನೀರು 20 ಸೆಕೆಂಡ್ ಸಾಕು. ಸಂಪಿನ ಮುಚ್ಚಳಕ್ಕೆ ಬೀಗ ಇರಲಿ. ತಾರಸಿಯ ಪ್ಯಾರಪೆಟ್ ಪಕ್ಕ ಹತ್ತೋಕೆ ಸಿಗೋ ಹಾಗೆ ಕುರ್ಚಿ, ಕುಂಡ ಇಡಬೇಡಿ. ಸೀರೆ ಕಟ್ಟೋಕೆ ಕುರ್ಚಿ ಬೇಕು ಅಂದಿದ್ದಾರಲ್ಲ, ಅವನ್ನ ತಾರಸಿಯ ನಡುವೆ ಇಟ್ಟು, ಸಂಜೆ ಕೆಳಗೆ ತನ್ನಿ.

---

ಕುವೆಂಪುನಗರ ನಿವಾಸಿ

ಎಲ್ಲರಿಗೂ ಧನ್ಯವಾದ. ಒಂದೇ ಪ್ರಶ್ನೆ ಉಳಿದಿದೆ. ಎರಡು ಕಾಯಿ ಕೊಟ್ಟರೂ ಸಣ್ಣವನ ಕಾಯಿ ಹೊಡೆದರೆ ಮಣೆ ಎಗರಿಸೋ ಸಂಭವ ಇದೆ. ಏನು ಮಾಡೋದು?

ಪಗಡೆಪ್ರಿಯ, ಸರಸ್ವತಿಪುರಂ

ಜೋಡಿ ಆಟ ಆಡಿಸಿ. ಎದುರುಬದುರು ಕೂತವರು ಒಂದು ಪಕ್ಷ, ಅವನನ್ನ ಅಜ್ಜಿ ಜೊತೆ ಹಾಕಿ, ನೀವಿಬ್ಬರಲ್ಲಿ ಒಬ್ಬರು ರಾತ್ರಿ ಊಟ ಆದಮೇಲೆ ಮಗಳ ಜೊತೆ. ಒಂದು ಪಕ್ಷದ ಎಲ್ಲಾ ಕಾಯಿ ಹಣ್ಣಾದರೆ ಗೆಲುವು, ತನ್ನದು ಮುಗಿದವನು ಜೊತೆಗಾರನ ಕಾಯಿ ನಡೆಸಬಹುದು. ಹಗಲು ಮೂವರೇ ಇದ್ದಾಗ ಅಜ್ಜಿ ಎರಡು ಬದಿ ಆಡಲಿ. ಮತ್ತೆ ಹೊಡೆಸಿಕೊಂಡ ಕಾಯಿ ಹೊರಟ ಕಟ್ಟೆಗೆ ವಾಪಸ್ ಹೋಗೋ ಬದಲು ಹಿಂದಿನ ಕಟ್ಟೆಗೆ ಮಾತ್ರ ಹೋಗಲಿ, ಹೊರಸುತ್ತಲ್ಲಿ ಕಟ್ಟೆಯಿಂದ ಕಟ್ಟೆಗೆ ನಾಲ್ಕೇ ಹೆಜ್ಜೆ, ಆದ್ದರಿಂದ ಅಲ್ಲಿ ನಷ್ಟ ಮೂರು ಹೆಜ್ಜೆ ಮೀರಲ್ಲ. ಇದಕ್ಕೂ ಎಗರಿಸಿದರೆ ರಟ್ಟಿನ ನಾಲ್ಕು ಮೂಲೆ ಮೇಜಿಗೆ ಟೇಪ್ ಹಾಕಿಬಿಡಿ.